ಹಿತ್ತಾಳೆ ಮೊಳೆಗಳ ಹಲಗೆ

ಎಂಬಕಸಿ

ಆಫ್ರಿಕವೆಂದರೆ ಸುಡುವ ಬಿಸಿಲು ಎಂದು ನನಗೆ ಹೇಳದವರಿಲ್ಲ. ಊರ ದೇವಸ್ಥಾನದ ಸ್ಥಳಪುರಾಣವನ್ನೂ, ಜಿಲ್ಲೆಯ ಚರಿತ್ರೆ ಬರೆದ ಪಂಡಿತರ ಮುನ್ನುಡಿಯನ್ನೂ ಪರೀಕ್ಷಿಸದೆ ಒಪ್ಪದ ನಾನು ಈ ಒಂದು ಮಾತನ್ನು ಮಾತ್ರ ಏಕೆ ನಂಬಿದೆನೋ ತಿಳಿಯದು. ತೊಂಬತ್ತರ ದಶಕದ ಆರಂಭದ ಒಂದು ಜುಲೈ ಬೆಳಿಗ್ಗೆ, ತೆಳು ಅಂಗಿಗಳನ್ನಷ್ಟೇ ತುಂಬಿಕೊಂಡ ಪೆಟ್ಟಿಗೆಯೊಡನೆ ಎಂಬಕಸಿಯ ವಿಮಾನನಿಲ್ದಾಣದಲ್ಲಿ ಇಳಿದಾಗ ನನ್ನ ಹಲ್ಲುಗಳು ಕಟಕಟಿಸಿದವು. ಆಕಾಶ ಒದ್ದೆ ಬೂದಿಯ ಬಣ್ಣಕ್ಕಿತ್ತು. ನಾನು ನೈರೋಬಿಯಲ್ಲಿದ್ದಷ್ಟು ದಿನವೂ ಅದು ಹಾಗೆಯೇ ಇತ್ತು. ಮಳೆ ಸುರಿಯಲೂ ಇಲ್ಲ, ಬಿಸಿಲು ಬೀಳಲೂ ಇಲ್ಲ. ನಮ್ಮ ಆಷಾಢಕ್ಕಾದರೂ ಸುರಿದು ಮುಗಿಸುವ ಮರ್ಯಾದೆಯಿದೆ.

ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯಿಂದ ಹಲಸಿನ ಹಪ್ಪಳದ ಕಟ್ಟೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಮೂಸಿದ. ಬಳಿಕ ನನ್ನತ್ತ ತಿರುಗಿ, "ಹಬಾರಿ?" ಎಂದ. ನಾನು ಪಾಸ್‌ಪೋರ್ಟ್ ಮುಂದೆ ಚಾಚಿದೆ. ಅವನು ಅದನ್ನು ಮುಟ್ಟದೆ ಮತ್ತೆ, "ಹಬಾರಿ?" ಎಂದ. ಹಿಂದೆ ನಿಂತಿದ್ದ ಗುಜರಾತಿ ಹೆಂಗಸೊಬ್ಬಳು ನನ್ನ ತೋಳು ತಟ್ಟಿ ಹಿಂದಿಯಲ್ಲಿ ತಿಳಿಸಿದಳು: ಅದು ಕ್ಷೇಮವೇ ಎಂಬ ಪ್ರಶ್ನೆ, ಚೆನ್ನಾಗಿದ್ದೇನೆಂದು ಉತ್ತರಿಸದೆ ಇಲ್ಲಿ ಯಾವ ಕೆಲಸವೂ ಮುಂದಕ್ಕೆ ಹೋಗದು. "ಮ್ಜೂರಿ" ಎಂದೆ. ಅಧಿಕಾರಿಯ ಮುಖ ಅರಳಿತು, ಹಪ್ಪಳ ಪಾರಾಯಿತು. ಆದರೆ ನಾನು ಚೆನ್ನಾಗಿರಲಿಲ್ಲ. ಚಳಿಯಲ್ಲಿ ನಡುಗುತ್ತಿದ್ದೆ, ಅಣ್ಣ ಹಾಸಿಗೆ ಹಿಡಿದಿದ್ದಾನೆ, ಬೇಗ ಬನ್ನಿ ಎಂಬ ಕರೆಗೆ ಬಂದಿದ್ದೆ. ಆ ದೇಶದಲ್ಲಿ ನಾನಾಡಿದ ಮೊದಲ ಮಾತೇ ಸುಳ್ಳು.

ಪಾರ್ಕ್‌ಲ್ಯಾಂಡ್ಸ್

ನನ್ನ ಅಣ್ಣ ವಾಸುದೇವ ಐತಾಳ ಯೌವನದಲ್ಲೇ ನೈರೋಬಿಗೆ ಹೋಗಿ ಗಣಿತದ ಮೇಷ್ಟರಾದವನು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಮಂಗಳೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು. ಜೋಡಿಸುವ ಕೈ ಓದುತ್ತಲೂ ಇರುತ್ತದೆ. ನನ್ನ ವಿದ್ಯೆಯೆಲ್ಲ ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಓದಿ ಬಂದದ್ದು. ಒಂದೇ ಘಟನೆಯನ್ನು ಇಬ್ಬರು ಪಂಡಿತರು ಎರಡು ಬಗೆಯಾಗಿ ಬರೆದದ್ದನ್ನು ಒಂದೇ ವಾರದಲ್ಲಿ ಜೋಡಿಸಿದವನಿಗೆ, ಅಚ್ಚಾದ ಮಾತೆಲ್ಲ ನಿಜವೆಂಬ ಭ್ರಮೆ ಉಳಿಯುವುದಿಲ್ಲ.

ಅಣ್ಣನ ಮನೆ ನಗರದ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ. ಅವನ ಹೃದಯ ಸೋತಿತ್ತು. ಮೂರು ದಿಂಬುಗಳಿಗೆ ಒರಗಿ ಕೂತೇ ಇರಬೇಕು, ಮಲಗಿದರೆ ಉಸಿರು ಕಟ್ಟುತ್ತದೆ. ನನ್ನನ್ನು ಕಂಡವನೇ, "ಸ್ವೆಟರ್ ಎಲ್ಲಿ ಮಾರಾಯ?" ಎಂದ.

"ಆಫ್ರಿಕಕ್ಕೆ ಸ್ವೆಟರ್ ಯಾಕೆ ಅಂದರು ಎಲ್ಲರೂ."

"ನೀನು ಇನ್ನೊಬ್ಬರ ಮಾತು ಕೇಳಿದೆಯಾ? ಶಾರದಾ, ಇವನಿಗೆ ಜ್ವರ ಉಂಟಾ ನೋಡು!"

ಶಾರದತ್ತಿಗೆ ಅಣ್ಣನದೇ ಹಳೆಯ ಸ್ವೆಟರೊಂದನ್ನು ತಂದುಕೊಟ್ಟರು. ಎದೆಯ ಮೇಲೆ ಕ್ಲಬ್ಬಿನ ಮುದ್ರೆ, ಮಾಸಿದ ಬಿಳಿ ಉಣ್ಣೆ: ಕ್ರಿಕೆಟ್ ಆಡುವವರು ಹಾಕುವಂಥದು. ಅದನ್ನು ತೊಟ್ಟೇ ನಾನು ಆ ನಗರದಲ್ಲೆಲ್ಲ ಓಡಾಡಿದೆ.

ಅಣ್ಣ ನನ್ನನ್ನು ಬರಹೇಳಿದ್ದಕ್ಕೆ ಕಾಯಿಲೆಯ ಜೊತೆಗೆ ಇನ್ನೊಂದು ಕಾರಣವಿತ್ತು. ನೈರೋಬಿಯಲ್ಲಿ ನಮ್ಮವರ ಕ್ಲಬ್ಬುಗಳು ಭಾನುವಾರಗಳಂದು ಆಡುತ್ತಿದ್ದ ಕ್ರಿಕೆಟ್ ಲೀಗಿನ ಚರಿತ್ರೆಯನ್ನು ಲೀಗಿನ ಸಮಿತಿ ಪುಸ್ತಕ ಮಾಡುತ್ತಿತ್ತು. ಪ್ರತಿ ಕ್ಲಬ್ಬಿಗೂ ಒಂದು ಪುಟ. ಅಣ್ಣನ ಕ್ಲಬ್ಬು ಮುಚ್ಚುವುದರಲ್ಲಿತ್ತು. ಅದರ ಇಡೀ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಒಂದೇ: ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಣ್ಣ ನಾಯಕನಾಗಿದ್ದಾಗಿನ, ಒಂದೂ ಸೋಲಿಲ್ಲದ ಕ್ರಿಕೆಟ್ ಋತು. ಆ ಪುಟವನ್ನು ನಾನು ಬರೆದು ಸಹಿ ಮಾಡಬೇಕು. "ನೀನು ಬರೆದರೆ ಯಾರೂ ಅನುಮಾನ ಮಾಡುವುದಿಲ್ಲ" ಎಂದ ಅಣ್ಣ. "ಪುಸ್ತಕ ಬರುವವರೆಗೆ ನಾನಿರುತ್ತೇನೋ ಇಲ್ಲವೋ. ಪುಟವನ್ನಾದರೂ ನೋಡಬೇಕು."

ಮರುದಿನ ಬೆಳಿಗ್ಗೆ ಕೊನೆಯ ಪಂದ್ಯದ ಕಥೆ ಹೇಳಿದ. ಈ ಕಥೆಯನ್ನು ಊರಿಗೆ ಬಂದಾಗಲೆಲ್ಲ ಅರ್ಧರ್ಧ ಹೇಳಿದ್ದುಂಟು. ಇಡಿಯಾಗಿ ಕೇಳಿದ್ದು ಅಂದೇ. ಶಿವರಾತ್ರಿಯ ಹಿಂದಿನ ಭಾನುವಾರ. ಎದುರಾಳಿ, ಮಂಗಳೂರು ಕ್ರೈಸ್ತರ ಕ್ಲಬ್ಬು. ಅದರ ನಾಯಕ ಫೆಲಿಕ್ಸ್ ಪಿಂಟೊ. ಅವರಿಗೆ ಗೆಲ್ಲಲು ಮೂರು ರನ್ನು ಬೇಕು, ಉಳಿದಿರುವುದು ಒಂದೇ ವಿಕೆಟ್ಟು. ಅಣ್ಣ ನಿಧಾನವಾಗಿ ಚೆಂಡು ಹಾಕಿದ. ಅವರ ಕೊನೆಯ ದಾಂಡಿಗ ಸೆಬ್ಬು ಕಣ್ಣುಮುಚ್ಚಿ ಎಡಕ್ಕೆ ಬೀಸಿದ. ಚೆಂಡು ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ ದಿನಕರನ ಕಡೆಗೆ ಎದ್ದಿತು. ದಿನಕರ ಹಿಂದಕ್ಕೆ ಹೆಜ್ಜೆ ಹಾಕಿ, ತಲೆಯ ಮೇಲೆ, ಎರಡೂ ಕೈಯಲ್ಲಿ ಹಿಡಿದ. ಹೇಳುವಾಗ ಅಣ್ಣನ ಎರಡೂ ಕೈ ಮೇಲಕ್ಕೆ ಹೋದವು, ಉಸಿರು ಸಿಕ್ಕಿಕೊಂಡಿತು.

"ಯಾವ ದಿನಕರ?" ಎಂದೆ.

"ನಮ್ಮ ಊರಿನವನೇ. ಆಮೇಲೆ ಮದುವೆಗೆ ಅಂತ ಆಫ್ರಿಕ ಬಿಟ್ಟು ಊರಿಗೆ ಹೋದನಲ್ಲ."

"ಅವನ ಮದುವೆಯ ಕರೆಯೋಲೆ ಜೋಡಿಸಿದವನು ನಾನು, ಅಣ್ಣ. ತನ್ನ ಹೆಸರಿನ ಕೆಳಗೆ 'ನೈರೋಬಿಯ ಕ್ರಿಕೆಟ್ ಆಟಗಾರ' ಅಂತ ಹಾಕಿ ಅಂದ. ಅದೇನು ಪದವಿಯಾ ಅಂತ ಜಗಳವಾಡಿದೆ. ಶಿವರಾತ್ರಿಗೆ ಅಚ್ಚುಕೂಟ ರಜೆ, ಅದಕ್ಕೆ ಮೊದಲೇ ಕೊಡಿ ಅಂತ ಎದುರಿಗೇ ಕೂತು ಮುಗಿಸಿಕೊಂಡು ಹೋದ. ನಿನ್ನ ಪಂದ್ಯದ ದಿನ ಅವನು ಮಂಗಳೂರಿನಲ್ಲಿ ಮನೆಮನೆಗೆ ಕರೆಯೋಲೆ ಹಂಚುತ್ತಿದ್ದ."

ಅಣ್ಣ ನನ್ನ ಮುಖವನ್ನೇ ನೋಡಿದ. "ಶಿವರಾತ್ರಿಗೆ ಮೊದಲಾ?" ಎಂದ.

"ಮೊದಲು."

ಅವನು ಕೈಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡು ಗೋಡೆಯತ್ತ ತಿರುಗಿದ. ಆ ದಿನ ಊಟ ಮಾಡಲಿಲ್ಲ. ಅಡುಗೆಮನೆಯಲ್ಲಿ ಅತ್ತಿಗೆ ನನ್ನೆದುರು ತಟ್ಟೆಯನ್ನು ಸದ್ದಾಗುವಂತೆ ಇಟ್ಟರು. "ಶ್ರೀಧರ, ನಿಮಗೆ ಸತ್ಯವೇ ಬೇಕಾದರೆ ಊರಿನಲ್ಲಿ ಕಡಿಮೆಯಿತ್ತಾ? ಸಮುದ್ರ ದಾಟಿ ಬಂದು, ಆ ಮನುಷ್ಯನ ಹತ್ತಿರ ಉಳಿದಿದ್ದ ಒಂದನ್ನೇ ಕಸಿಯಬೇಕಿತ್ತಾ?"

ಅಣ್ಣ ಸುಳ್ಳು ಹೇಳಿದನೆಂದೇ ಆ ಹೊತ್ತು ನನ್ನ ತೀರ್ಮಾನ. ಅದು ನನಗೆ ಸಂತೋಷವನ್ನೇನೂ ಕೊಡಲಿಲ್ಲ.

ಕ್ಲಬ್ಬಿನ ಮೈದಾನ

ಅಣ್ಣನ ಮಗಳು ಮೀರಾ ಹಲ್ಲಿನ ವೈದ್ಯೆ. ಕನ್ನಡ ಚೆನ್ನಾಗಿ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಡುತ್ತದೆ. ಕಾರು ಕೈಕೊಟ್ಟಿದ್ದರಿಂದ ನಾವಿಬ್ಬರೂ ಮೈದಾನ ನೋಡಲು ಮಟಾಟುವಿನಲ್ಲಿ ಹೊರಟೆವು. ಮಟಾಟು ಎಂದರೆ ನಮ್ಮ ಸರ್ವಿಸ್ ವ್ಯಾನಿನ ಅಣ್ಣ. ಜನ ತುಂಬಿದ ಮೇಲೆ ಜನ ಹತ್ತುವುದರಲ್ಲಿ ಎರಡಕ್ಕೂ ಭೇದವಿಲ್ಲ. ಆದರೆ ಇಲ್ಲಿ ನನ್ನ ನರೆಗೂದಲನ್ನು ಕಂಡು ಹುಡುಗಿಯೊಬ್ಬಳು ತಟ್ಟನೆ ಎದ್ದು ಜಾಗ ಬಿಟ್ಟಳು. ಇದು ನಮ್ಮಲ್ಲಿಯೂ ಇತ್ತೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಮೈದಾನದ ಗೇಟಿನ ಕಾವಲುಗಾರನಿಗೆ ಈ ಬಾರಿ ನಾನೇ ಮೊದಲು "ಹಬಾರಿ" ಎಂದೆ. ಅವನು ತನ್ನ ಕ್ಷೇಮ, ತನ್ನ ಮನೆಯವರ ಕ್ಷೇಮ, ತನ್ನ ಆಕಳ ಕ್ಷೇಮವನ್ನೆಲ್ಲ ತಿಳಿಸಿ ಬಾಗಿಲು ತೆರೆದ. ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ದಿನಕರ ನಿಂತಿದ್ದನೆನ್ನಲಾದ ಸ್ಥಳವನ್ನು ಕಣ್ಣಾರೆ ನೋಡಲು ಸ್ಕ್ವೇರ್ ಲೆಗ್ಗಿನ ಕಡೆ ನಡೆದೆ. ಅಲ್ಲಿ ನೆಲ ಬೇಲಿಯವರೆಗೆ ಇಳಿಜಾರು. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿ, ಕುಳಿತ ಭಂಗಿಯಲ್ಲೇ ಬೇಲಿ ಸೇರಿದೆ.

"ಪೋಲೆ, ಪೋಲೆ ಸಾನಾ" ಎಂದು ನೊಂದುಕೊಳ್ಳುತ್ತ ಕಾವಲುಗಾರ ಓಡಿಬಂದು ಎತ್ತಿದ. ಬಿದ್ದವನು ನಾನು; ವ್ಯಥೆ ಅವನದು. ನಮ್ಮಲ್ಲಾದರೆ ಮೊದಲು ನಗುತ್ತಾರೆ.

"ಅಪ್ಪ ಯಾವಾಗಲೂ ಹೇಳ್ತಾರೆ" ಎಂದಳು ಮೀರಾ, ನನ್ನ ಬೆನ್ನಿನ ಕೆಸರು ಒರೆಸುತ್ತ, ಅಪರೂಪಕ್ಕೆ ಕನ್ನಡದಲ್ಲಿ. "ಇಲ್ಲಿ ಕ್ಯಾಚ್ ಬಿಟ್ಟರೆ ಬಾಲ್ ನಿಲ್ಲೋದೇ ಇಲ್ಲ. ಸ್ಟ್ರೇಟ್ ಬೌಂಡರಿ."

ಕ್ಲಬ್ಬಿನ ಹಜಾರದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಗೋಡೆಯ ಉದ್ದಕ್ಕೂ ಕಪ್ಪು ಬಳಿದ ಮರದ ಹಲಗೆ. ಒಂದೊಂದು ಋತುವಿನ ಹನ್ನೊಂದು ಹೆಸರುಗಳು ಬಿಳಿ ಬಣ್ಣದಲ್ಲಿ. ಒಂದೂ ಸೋಲಿಲ್ಲದ ಆ ಒಂದೇ ಋತುವಿನ ನೆತ್ತಿಯ ಮೇಲೆ ಮಾತ್ರ ಚಿನ್ನದ ಗೆರೆ. ಹೆಸರುಗಳ ಪಕ್ಕದಲ್ಲೆಲ್ಲ ಹಿತ್ತಾಳೆಯ ಸಣ್ಣ ಮೊಳೆಗಳು. ಮೊದಲ ಋತುಗಳಲ್ಲಿ ಅಲ್ಲೊಂದು ಇಲ್ಲೊಂದು. ಚಿನ್ನದ ಗೆರೆಯ ಕೆಳಗೆ ಬಂದರೆ ಹೆಸರಿಗಿಂತ ಮೊಳೆಯೇ ಎದ್ದು ಕಾಣುತ್ತಿತ್ತು.

ದೇಶ ಬಿಟ್ಟು ಹೊರಟವನು ಬೀಳ್ಕೊಡುಗೆಯ ಚಹಾ ಮುಗಿದ ಮೇಲೆ ತನ್ನ ಹೆಸರಿನ ಪಕ್ಕ ತಾನೇ ಮೊಳೆ ಹೊಡೆಯಬೇಕು. ಅದು ಕ್ಲಬ್ಬಿನ ಪದ್ಧತಿ. ಇನ್ನೊಬ್ಬರು ಹೊಡೆಯುವಂತಿಲ್ಲ. ಆ ದೇಶಕ್ಕೆ ಸ್ವಾತಂತ್ರ್ಯ ಬಂದ ಕೆಲವು ವರ್ಷಗಳಲ್ಲಿ ಕೆಲಸದ ಪರವಾನಗಿಯ ತೊಡಕು ಶುರುವಾಗಿ, ಇಂಗ್ಲೆಂಡಿನ ಬಾಗಿಲು ಮುಚ್ಚುವ ಮೊದಲೇ ನುಗ್ಗಬೇಕೆಂದು ನಮ್ಮವರು ಗುಂಪುಗುಂಪಾಗಿ ಹೊರಟ ಕಾಲದ ಮೊಳೆಗಳು ಅವು. ದಿನಕರನ ಪಕ್ಕ ಒಂದಿತ್ತು. ಅಣ್ಣನ ಹೆಸರಿನ ಪಕ್ಕ ಬರಿಯ ಮರ.

ಕಿಲಿಮಾನಿ

ಎದುರು ತಂಡದ ನಾಯಕರಾಗಿದ್ದ ಫೆಲಿಕ್ಸ್ ಪಿಂಟೊರವರು ಕಿಲಿಮಾನಿ ಬಡಾವಣೆಯ ಒಂದು ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದರು. ಹೆಂಡತಿ ತೀರಿಕೊಂಡು, ಮಕ್ಕಳು ಕೆನಡಾ ಸೇರಿ, ಒಂಟಿ ಮನುಷ್ಯ. ನನ್ನ ಮೈಮೇಲಿನ ಸ್ವೆಟರ್ ನೋಡಿ ಬಾಗಿಲಲ್ಲೇ ನಕ್ಕರು.

"ವಾಸು ಸಣ್ಣಗಾದ ಅಂತ ಕೇಳಿದ್ದೆ. ಇಷ್ಟು ಕಪ್ಪಾದದ್ದು ಯಾವಾಗ ಮಾರಾಯ್ರೇ?"

ನಾನು ನೇರವಾಗಿ ಕೇಳಿದೆ: ಆ ಪಂದ್ಯ ನಡೆಯಿತೋ ಇಲ್ಲವೋ? ಅವರು ಚಹಾ ಸೋಸಿ ಲೋಟವನ್ನು ನನ್ನ ಮುಂದಿಟ್ಟರು.

"ಕಾಲಲ್ಲಿ ನಡೆಯಲಿಲ್ಲ, ಐತಾಳ್ರೇ. ಬಾಯಲ್ಲಿ ನಡೆಯಿತು."

ಆ ಭಾನುವಾರ ಮೈದಾನಕ್ಕೆ ಬಂದವರು ಅಣ್ಣನ ಕಡೆ ನಾಲ್ಕೈದು ಜನ, ಪಿಂಟೊ ಕಡೆ ಅದಕ್ಕೂ ಕಡಿಮೆ. ಕೆಲವರು ಪಾಸ್‌ಪೋರ್ಟಿನ ಸಾಲಿನಲ್ಲಿ, ಕೆಲವರು ಸಾಮಾನು ಕಟ್ಟುವುದರಲ್ಲಿ. ಅಂಪೈರ್ ಕೂಡ ಬಂದಿರಲಿಲ್ಲ. ಜನ ಹೆಚ್ಚಿದ್ದ ಅಣ್ಣ ಆಡದೆಯೇ ಗೆದ್ದೆನೆಂದು ಬರೆಸಿಕೊಳ್ಳಬಹುದಿತ್ತು. ಅವನು ಒಪ್ಪಲಿಲ್ಲ. ಇಬ್ಬರು ನಾಯಕರೂ ಮೈದಾನದ ಅಂಚಿನಲ್ಲಿ ಚಹಾದ ಕೆಟಲ್ ಇಟ್ಟುಕೊಂಡು, ನಾಣ್ಯ ಚಿಮ್ಮಿ, ಇಡೀ ಪಂದ್ಯವನ್ನು ಚೆಂಡು ಚೆಂಡಾಗಿ ಹೇಳಿಕೊಂಡು ಆಡಿದರು. ಪ್ರತಿ ಆಟಗಾರನ ಆಟವೂ ಇಬ್ಬರಿಗೂ ಬಾಯಿಪಾಠ. ಒಂದು ಚೆಂಡಿನ ಗತಿ ಏನಾಯಿತೆಂದು ಇಬ್ಬರೂ ಒಪ್ಪಬೇಕು. ಒಪ್ಪದಿದ್ದರೆ ಅದು ಹಾಕಿದ ಚೆಂಡೇ ಅಲ್ಲ.

"ನಿಯಮ ಒಂದೇ" ಎಂದರು ಪಿಂಟೊ. "ಯಾರ ಕಾಲು ಇನ್ನೂ ಈ ನೆಲದ ಮೇಲುಂಟೋ ಅವ ಆಡಬಹುದು. ಹೋದವನಿಲ್ಲ. ನನ್ನ ವಿಕೆಟ್ ಕೀಪರಿಗೆ ಮಧ್ಯಾಹ್ನದ ವಿಮಾನ. ಅರ್ಧ ಇನ್ನಿಂಗ್ಸಿನಲ್ಲಿ ಅವನನ್ನು ಎಂಬಕಸಿಗೆ ಬಿಟ್ಟುಕೊಟ್ಟೆ. ಆಮೇಲೆ ಸ್ಟಂಪಿನ ಹಿಂದೆ ಗತಿಯಿಲ್ಲ. ಬೈ ರನ್ ಎಷ್ಟು ಹೋಯಿತು ಗೊತ್ತುಂಟಾ!" ಅವರು ನಕ್ಕರು; ಕಣ್ಣು ನಗಲಿಲ್ಲ. "ಸಾಯಂಕಾಲ ನಾನು ಸೋತೆ. ಸೆಬ್ಬು ಕೊನೆಗೆ ಅಡ್ಡ ಬೀಸುತ್ತಾನೆ ಅಂತ ನಾನೇ ಹೇಳಿದೆ. ಬೀಸದೆ ಇರುವವನಲ್ಲ ಅವ. ನ್ಯಾಯವಾಗಿ ಸೋತದ್ದು. ನಿಮಗೆ ಸಾಕ್ಷಿ ಬೇಕಾದರೆ ಸೋತವನಿಗಿಂತ ದೊಡ್ಡ ಸಾಕ್ಷಿ ಯಾರು?"

"ಆದರೆ ದಿನಕರ?"

"ಅವ ಮೊಂಬಾಸಾದಲ್ಲಿ ಹಡಗು ಕಾಯ್ತಾ ಇದ್ದನಲ್ಲ. ವಾಸುವೇ ಅವನನ್ನು ರೈಲು ಹತ್ತಿಸಿದ್ದು. ಹಡಗು ಮೂರು ವಾರ ತಡ ಅಂತ ಸುದ್ದಿ. ಮೊಂಬಾಸಾ ಅಂದರೆ ಇದೇ ನೆಲ. ನಾನು ಒಪ್ಪಿದೆ."

ದಿನಕರನಿಗೆ ಬಂದರಿನಲ್ಲಿ ಬೇರೊಂದು ಹಡಗಿನ ಡೆಕ್ಕಿನಲ್ಲಿ ಜಾಗ ಸಿಕ್ಕಿರಬೇಕು. ಹೇಳಿಕಳಿಸಲು ವ್ಯವಧಾನವಿಲ್ಲದೆ ಹತ್ತಿರಬೇಕು. ಅಣ್ಣ ಅಂದು ಸುಳ್ಳಾಡಿರಲಿಲ್ಲ. ತಿಳಿಯದೆ, ಇಲ್ಲದವನನ್ನು ನಿಲ್ಲಿಸಿದ್ದ. ಅದನ್ನು ಅವನಿಗೆ ತಿಳಿಸಿದವನು ನಾನು.

ನಾನು ಕರೆಯೋಲೆಯ ವಿಷಯ ಹೇಳಿದಾಗ ಪಿಂಟೊರವರು ಲೋಟವನ್ನು ಕೆಳಗಿಟ್ಟರು. "ಇದನ್ನು ವಾಸುವಿಗೆ ಹೇಳಬೇಡಿ."

"ಹೇಳಿಯಾಯಿತು."

ಅವರು ಎದ್ದು ಕೋಟು ಹುಡುಕಿದರು.

ಮತ್ತೆ ಪಾರ್ಕ್‌ಲ್ಯಾಂಡ್ಸ್

ಅಣ್ಣ ನಮ್ಮನ್ನೇ ಕಾಯುತ್ತಿದ್ದಂತಿತ್ತು. ಮುಖ ಇನ್ನಷ್ಟು ಇಳಿದಿತ್ತು. "ಪಿಂಟೊ, ಆ ಸೀಸನ್ ನಿನ್ನದು" ಎಂದ. "ದಿನಕರ ಇರಲಿಲ್ಲ. ಹಡಗು ಹತ್ತಿಯಾಗಿತ್ತು."

"ಎಂತದು ಮಾರಾಯ, ಅಷ್ಟು ಹಳೆಯದು! ನನಗೆ ಬೇಡ. ನಾನು ಸೋತವ."

"ನೀನು ಗೆದ್ದವ."

"ನೀನು ಕೊಟ್ಟರೆ ಇಟ್ಟುಕೊಳ್ಳಲಿಕ್ಕೆ ನನ್ನ ಹತ್ತಿರ ಹಲಗೆ ಎಲ್ಲುಂಟು? ನಮ್ಮ ಕ್ಲಬ್ಬಿನ ಹಾಲಿನಲ್ಲಿ ಈಗ ಸೋಫಾ ಮಾರುತ್ತಾರೆ."

ನಾನು ನಡುವೆ ಬಾಯಿ ಹಾಕಿದೆ. ನನ್ನ ನೆನಪು ತಪ್ಪಿರಬಹುದು. ಕರೆಯೋಲೆ ಶಿವರಾತ್ರಿ ಕಳೆದ ಮೇಲಿನದೇ ಇರಬಹುದು. ಅಚ್ಚುಕೂಟದಲ್ಲಿ ನೂರಾರು ಮದುವೆ ಜೋಡಿಸಿದವನಿಗೆ ಎಲ್ಲಿ ನೆನಪಿರುತ್ತದೆ ಎಂದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಮಾತನ್ನೇ ನಾನು ಸಂಶಯಿಸಲು ಹೊರಟಿದ್ದೆ. ನನ್ನನ್ನು ಯಾರೂ ಸಂಶಯಿಸಲಿಲ್ಲ. ಅಣ್ಣ ಕಣ್ಣೆತ್ತಿಯೂ ನೋಡದೆ, "ನೀನು ತಪ್ಪಿದ್ದು ಯಾವಾಗ?" ಎಂದ.

ಆಗ ಪಿಂಟೊ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು.

"ಸರಿ. ದಿನಕರ ಇಲ್ಲ. ಹಾಗಾದರೆ ಆ ಚೆಂಡು ಇನ್ನೂ ಗಾಳಿಯಲ್ಲೇ ಉಂಟು. ಅವನ ಜಾಗದಲ್ಲಿ ಯಾರು ನಿಂತದ್ದು ಹೇಳು."

ಅಣ್ಣ ಕಣ್ಣು ಮುಚ್ಚಿ ಯೋಚಿಸಿದ. ಅಂದಿನ ಹನ್ನೊಂದು ಮಂದಿಯನ್ನು ತಡಕಾಡುತ್ತಿದ್ದನೆಂದು ತುಟಿಯ ಚಲನೆಯಿಂದ ತಿಳಿಯಿತು. ಅವನನ್ನು ಬಿಟ್ಟು ಒಬ್ಬರೂ ಈ ನೆಲದಲ್ಲಿ ಉಳಿದಿರಲಿಲ್ಲ. ಕೊನೆಗೆ ಕಣ್ಣು ತೆರೆದು ನನ್ನನ್ನು ತೋರಿಸಿದ.

"ಇವನನ್ನು ನಿಲ್ಲಿಸು."

"ಅಂದು ನಾನಿರಲಿಲ್ಲವಲ್ಲ!" ಎಂದೆ.

"ಈಗ ನಿಮ್ಮ ಕಾಲು ಈ ನೆಲದ ಮೇಲೆ ಉಂಟಲ್ಲ" ಎಂದರು ಪಿಂಟೊ. "ಸ್ವೆಟರ್ ಬೇರೆ ಹಾಕಿದ್ದೀರಿ. ಹಾಕು ವಾಸು."

ಅಣ್ಣ ಚೆಂಡು ಹಾಕಿದ. ಹೊದಿಕೆಯೊಳಗೆ ಅವನ ಬೆರಳುಗಳು ತಿರುಗಿದವು. ಸೆಬ್ಬು ಬೀಸಿದನೆಂದು ಪಿಂಟೊ ಹೇಳಿದರು. ಚೆಂಡು ಎದ್ದಿತೆಂದು ಇಬ್ಬರೂ ಒಪ್ಪಿದರು. ಅದು ನನ್ನತ್ತ ಬರುತ್ತಿದೆ.

"ಹಿಡಿದರು" ಎಂದರು ಪಿಂಟೊ ಒಡನೆ. "ಮುಗಿಯಿತು. ನಾನು ಒಪ್ಪಿದೆ. ನಾನು ಸೋತೆ."

"ನಾನು ಒಪ್ಪಬೇಡವಾ?" ಎಂದ ಅಣ್ಣ. "ಸಣ್ಣದಿರುವಾಗ ಮರದ ಮೇಲಿಂದ ನಾನು ಎಸೆದ ಒಂದು ಮಾವಿನಹಣ್ಣನ್ನೂ ಹಿಡಿದವನಲ್ಲ ಇವನು. ಎಲ್ಲ ಮುಖದ ಮೇಲೇ." ನನ್ನತ್ತ ತಿರುಗಿದ. "ಶ್ರೀಧರ, ನೀನೇ ಹೇಳು. ಹಿಡಿದೆಯಾ?"

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು, ಸೆರಗನ್ನು ಬಾಯಿಗೆ ಒತ್ತಿಕೊಂಡು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಸೀಸ ತಿಂದ ಬೆರಳುಗಳು. ಕೆಲವು ವರ್ಷಗಳಿಂದ ಲೋಟ ಹಿಡಿದರೂ ನಡುಗುತ್ತವೆ.

"ಹಿಡಿದೆ" ಎಂದೆ.

ಅಣ್ಣನ ಮುಖದಲ್ಲಿ, ನಾನು ಬಂದ ಮೇಲೆ ಮೊದಲ ಬಾರಿಗೆ, ನಗು ಬಂತು. ನಗು ಕೆಮ್ಮಾಯಿತು; ಮೀರಾ ಓಡಿಬಂದು ಬೆನ್ನು ನೀವಿದಳು. "ಸುಳ್ಳು ಹೇಳಲಿಕ್ಕೂ ಬರುವುದಿಲ್ಲ ಇವನಿಗೆ" ಎಂದ, ಉಸಿರು ಸಿಕ್ಕಮೇಲೆ. "ಬಿಟ್ಟ, ಪಿಂಟೊ. ಇಳಿಜಾರಿನಲ್ಲಿ ಹೋಯಿತು. ನಾಲ್ಕು ರನ್ನು, ನಿನಗೆ ಬೇಕಿದ್ದದ್ದು ಮೂರೇ. ಒಪ್ಪಿದೆಯಾ?"

ಪಿಂಟೊರವರು ತಲೆ ತಗ್ಗಿಸಿದರು. ಆಮೇಲೆ, "ಒಪ್ಪಿದೆ" ಎಂದರು. ಗೆದ್ದವರ ಮುಖ ಹಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರಳುವ ದಿನ

ಪುಟವನ್ನು ಬರೆದೆ. ಅಂದು ಯಾರು ಬಂದಿದ್ದರು, ಯಾರು ಬರಲಿಲ್ಲ, ಆಟ ಹೇಗೆ ನಡೆಯಿತು, ಕೊನೆಯ ಚೆಂಡು ಯಾವಾಗ ಎಲ್ಲಿ ಹಾಕಲ್ಪಟ್ಟಿತು, ಯಾರು ಬಿಟ್ಟರು ಎಂಬುದನ್ನೆಲ್ಲ ಬರೆದು ಸಹಿ ಮಾಡಿದೆ. ಅಣ್ಣ ಕನ್ನಡಕ ಹಾಕಿ ಎರಡು ಬಾರಿ ಓದಿ, "ಈಗ ಸರಿ" ಎಂದ. ಸಮಿತಿಯವರು ಅದನ್ನು ಪುಸ್ತಕದಲ್ಲಿ ಸೇರಿಸುವುದು ಕಷ್ಟವೆಂದರಂತೆ. ಇಂಥ ಪಂದ್ಯಕ್ಕೆ ಅವರ ಪಟ್ಟಿಯಲ್ಲಿ ಕಾಲಂ ಇಲ್ಲ. ಆ ಮಾತನ್ನು ಮೀರಾ ನನಗೆ ಮಾತ್ರ ಹೇಳಿದಳು. ನಾನು ಅಣ್ಣನಿಗೆ ಹೇಳಲಿಲ್ಲ.

ಹೊರಡುವ ದಿನ ಎಂಬಕಸಿಗೆ ಹೋಗುವ ದಾರಿಯಲ್ಲಿ ಪಿಂಟೊ ಕಾರನ್ನು ಕ್ಲಬ್ಬಿನ ಕಡೆ ತಿರುಗಿಸಿದರು. ಹಲಗೆಯ ಚಿನ್ನದ ಗೆರೆಯನ್ನು ಅಣ್ಣ ಹೇಳಿದಂತೆ ಕೆರೆದಾಗಿತ್ತು. ಅಲ್ಲಿ ಮರ ಗಾಯ ಮಾಗಿದ ಚರ್ಮದಂತೆ ಬೆಳ್ಳಗಿತ್ತು. ದಿನಕರನ ಹೆಸರಿನ ಕೆಳಗೆ ಮೀರಾಳ ಕೈಬರಹದಲ್ಲಿ ನನ್ನ ಹೆಸರು. ಪಿಂಟೊ ಜೇಬಿನಿಂದ ಒಂದು ಹಿತ್ತಾಳೆ ಮೊಳೆ ತೆಗೆದು, ಸುತ್ತಿಗೆಯನ್ನು ನನ್ನ ಕೈಗಿಟ್ಟರು.

"ತಂಡಕ್ಕೆ ಸೇರಿದಿರಿ, ದೇಶ ಬಿಟ್ಟು ಹೋಗುತ್ತಿದ್ದೀರಿ. ಪದ್ಧತಿ ಪದ್ಧತಿಯೇ."

ಹೊಡೆದೆ. ಮೊಳೆ ಡೊಂಕಾಯಿತು. ಇನ್ನೊಮ್ಮೆ ಹೊಡೆದೆ, ಇನ್ನಷ್ಟು ಡೊಂಕಾಯಿತು.

"ಇರಲಿ ಬಿಡಿ" ಎಂದರು ಪಿಂಟೊ. "ಆ ಕೈಯಿಂದ ಕ್ಯಾಚ್ ಬಿಟ್ಟದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ."

ಊರು ಸೇರಿ ಸ್ವೆಟರನ್ನು ಪೆಟ್ಟಿಗೆಯೊಳಗೆ ಇಟ್ಟ ವಾರದಲ್ಲೇ ಮೀರಾಳ ದೂರವಾಣಿ ಬಂತು. ಅಣ್ಣ ಹೋಗಿದ್ದ. ಮಾತು ತೋಚದೆ ನಾನು ಹಲಗೆಯ ವಿಷಯ ಕೇಳಿದೆ: ಅವನ ಹೆಸರಿನ ಪಕ್ಕ ಏನು ಮಾಡಿದಿರಿ?

"ಏನೂ ಇಲ್ಲ ಚಿಕ್ಕಪ್ಪ" ಎಂದಳು. "ಪಿಂಟೊ ಅಂಕಲ್ ಸುತ್ತಿಗೆ ತಂದಿದ್ದರು. ಅಮ್ಮ ಬೇಡ ಅಂದಳು. ಅಪ್ಪ ಎಲ್ಲಿಗೂ ಹೋಗಿಲ್ಲವಲ್ಲ."